ಟಾಕಿಗೆ ಹಾಕಿದ ಕೀಲಿ

ನಮ್ಮ ಸಾವಕಾರ ಚನಬಸಪ್ಪನವರು ಲಾರಿ ಕೊಂಡ ದಿನವೇ ಅದರ ಡೀಸೆಲ್ ಟಾಕಿಗೆ ಕೀಲಿ ಜಡಿಸಿದರು. ಅವರ ಮನೆಯ ತಿಜೋರಿಗೂ ಆ ಗಾತ್ರದ ಕೀಲಿ ಇರಲಿಲ್ಲ. ಕೀಲಿಕೈ ಸದಾ ಅವರ ಉಡದಾರದಲ್ಲಿ. ಡ್ರೈವರ್ ನಾನು, ಮುಂಡಗೋಡದ ಶೇಖಪ್ಪ. ಕಾಡಿನಿಂದ ಬಿದಿರು ಹೇರಿಕೊಂಡು ದಾಂಡೇಲಿಯ ಹೊಸ ಕಾಗದದ ಮಿಲ್ಲಿಗೆ ಮುಟ್ಟಿಸುವವನು. ಅಂದರೆ ಅವರ ಪಾಲಿಗೆ ಹುಟ್ಟಾ ಡೀಸೆಲ್ ಕಳ್ಳ.

ಬೆಳಿಗ್ಗೆ ನಾನು ಬಾನೆಟ್ ಎತ್ತಿದರೆ ಸಾಕು, ಸಾವಕಾರರು ಚಹಾದ ಬಟ್ಟಲು ಹಿಡಿದು ಬಗಲಿಗೇ ಬಂದು ನಿಲ್ಲುತ್ತಿದ್ದರು. ರೇಡಿಯೇಟರಿಗೆ ನೀರು ಹಾಕುವಾಗ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ನೀರು ಪುಕ್ಕಟೆ ನೋಡಿ! ಬ್ರೇಕಿನ ಎಣ್ಣೆ ನೋಡುವಾಗ ಕುತ್ತಿಗೆ ಉದ್ದವಾಗುತ್ತಿತ್ತು. ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಅರಿವೆಯಿಂದ ಒರೆಸಿ, ಮತ್ತೆ ಅದ್ದಿ ತೆಗೆದು ತೋರಿಸಿದೆನೋ, ಶುರು.

"ಯಾಕಲೇ, ಗೆರಿಗಿಂತ ಕೆಳಗ ಐತಿ? ನಿನ್ನ ಹೇಣ್ತಿ ಇದರಾಗ ಬಜಿ ಕರೀತಾಳೇನು?"

"ಹಳೇ ಎಂಜಿನ್ ರೀ ಸಾವಕಾರ್ರ, ಎಣ್ಣಿ ಸುಡತೈತಿ."

"ಅದು ಸುಡತೈತೋ, ನೀ ಮಾರ್ತೀಯೋ, ಶಿವನ ಬಲ್ಲ."

ಆಮೇಲೆ ನನ್ನನ್ನು ದೂರ ಕಳಿಸಿ, ತಾವೇ ಕೀಲಿ ತೆಗೆದು, ಬಿದಿರಿನ ಸೀಳೊಂದನ್ನು ಟಾಕಿಯೊಳಗೆ ಇಳಿಬಿಟ್ಟು ಡೀಸೆಲ್ ಅಳೆಯುತ್ತಿದ್ದರು. ಎಷ್ಟಿದೆಯೆಂದು ನನಗೆ ಹೇಳುತ್ತಿರಲಿಲ್ಲ. ಹೇಳಿದರೆ ಕದಿಯಲು ಅನುಕೂಲವಂತೆ! ಮೀಟರಿನ ಮುಳ್ಳು ಎಂದೋ ಸತ್ತಿತ್ತು. ರಿಪೇರಿ ಮಾಡಿಸಿದರೆ ನನಗೂ ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ ಮಾಡಿಸಲಿಲ್ಲ.

ಆ ವರ್ಷ ಬಿದಿರು ಸಾಗಿಸುವ ಗುತ್ತಿಗೆಯನ್ನು ಹೊಸದಾಗಿ ಕೊಡುವವರಿದ್ದರು. ಗೊತ್ತುಪಡಿಸಿದ ದಿನ, ಮಿಲ್ಲಿನ ಮಧ್ಯಾಹ್ನದ ಭೋಂಗಾ ಕೂಗುವುದರೊಳಗೆ ಖುದ್ದಾಗಿ ಹೋಗಿ ಟೆಂಡರಿನ ಲಕೋಟೆ ಕೊಡಬೇಕು. ತಪ್ಪಿದರೆ ವರ್ಷವಿಡೀ ಲಾರಿ ಹಿತ್ತಲಲ್ಲಿ ತುಕ್ಕು ಹಿಡಿಯಬೇಕು, ನಾನು ಬೇರೆ ಕೆಲಸ ಹುಡುಕಬೇಕು.

ಅಂದು ಸಾವಕಾರರು ಮದುಮಗನಂತೆ ಬಂದರು: ರೇಶಿಮೆ ಅಂಚಿನ ಧೋತರ, ಇಸ್ತ್ರಿ ಕೋಟು, ಜರಿ ರುಮಾಲು, ಮೇಲೆ ಅತ್ತರು ಬೇರೆ. ನಾನು ನೀರು, ಎಣ್ಣೆ, ಫ್ಯಾನ್ ಬೆಲ್ಟು, ಗಾಲಿಯ ಗಾಳಿ ಎಲ್ಲ ನೋಡಿ ಮುಗಿಸಿ, "ಡೀಸೆಲ್ ಒಮ್ಮೆ ನೋಡಿಬಿಡ್ರಿ" ಎಂದೆ.

"ಕೀಲಿ ತಗಸಾಕ ನಿನಗ್ಯಾಕ ಅಷ್ಟು ಅವಸರ? ನಿನ್ನೆ ಬೇಕಾದಷ್ಟಿತ್ತು. ಹೊಸಾ ಧೋತರಕ್ಕ ವಾಸನಿ ಹತ್ತೀತಂತ ಕೀಲಿಕೈ ನಮ್ಮ ಮನಿಯಾಕಿ ಕಡೆ ಕೊಟ್ಟೇನಿ. ನಡಿ, ನಡಿ!"

ಹಳಿಯಾಳ ದಾಟಿ, ಇನ್ನೇನು ದಾಂಡೇಲಿ ಬಂತು ಅನ್ನುವಾಗ ಎಂಜಿನ್ನು ಬಿಕ್ಕಿ ಬಿಕ್ಕಿ ಸುಮ್ಮನಾಯಿತು. ಎರಡೂ ಕಡೆ ತೇಗದ ಕಾಡು. ಇಳಿದು ಟಾಕಿಯನ್ನು ಬಡಿದು ನೋಡಿದೆ, ಟಣಟಣ ಎಂದಿತು.

"ಡೀಸೆಲ್ ತೀರೇತ್ರಿ."

"ಮಾರಿದಿ ಹೌದಲ್ಲೋ!"

ಕೀಲಿ ಹಾಕಿದ ಟಾಕಿಯಿಂದ ಮಾರುವುದು ಹೇಗೆ ಸ್ವಾಮಿ? ನನ್ನ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಹಿಂದಿನಿಂದ ಹಳಿಯಾಳದ ಗೂಳಪ್ಪ ತನ್ನ ಲಾರಿಯಲ್ಲಿ ಬಂದ. ಅವನೂ ಅದೇ ಗುತ್ತಿಗೆಗೆ ಹೊರಟವನು. ಆದರೂ ನಿಲ್ಲಿಸಿ, ತನ್ನ ಡೀಸೆಲ್ ಡಬ್ಬಿಯನ್ನು ಇಳಿಸಿಕೊಟ್ಟ. ಪುಣ್ಯಾತ್ಮ! ನಾನು ಜಾಕಿನ ರಾಡು ಎತ್ತಿದೆ.

"ಒಂದ ಪೆಟ್ಟು ಸಾವಕಾರ್ರ. ಕೀಲಿ ಒಡದು ಡೀಸೆಲ್ ಹಾಕಿ ಹೋಗಿಬಿಡೂಣು."

ಸಾವಕಾರರು ರೇಶಿಮೆ ಧೋತರದ ಸಮೇತ ಟಾಕಿಯನ್ನು ಅಪ್ಪಿಕೊಂಡು ನಿಂತರು. "ಒಡೀತೀ? ಇದ ದಿನಕ್ಕ ಕಾಯ್ಕೊಂಡ ಕುಂತಿದ್ದಿ ನೀ! ಇವತ್ತ ಒಡದ್ರ ನಾಳೆ ಟಾಕಿ ಕಾಯಾವ್ರು ಯಾರು?"

ಗೂಳಪ್ಪ ನಗು ತಡೆದುಕೊಂಡ. "ಹಂಗಾದ್ರ ನನ್ನ ಗಾಡಿ ಹತ್ರಿ ಅಣ್ಣಾರ. ಗುತ್ತಿಗಿ ಯಾರಿಗರ ಸಿಗಲಿ, ಹೊತ್ತಿಗೆ ಮುಟ್ಟೂಣು ಬರ್ರಿ. ಡಬ್ಬಿ ಇಲ್ಲೇ ಇರಲಿ, ಶೇಖಪ್ಪ ಕೀಲಿಕೈ ತರಿಸ್ಕೊಂಡು ಹಿಂದ ಬರ್ತಾನ."

ಸಾವಕಾರರು ಗೂಳಪ್ಪನ ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ನನ್ನನ್ನು ನೋಡಿದರು. ಡಬ್ಬಿಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿ ಕಾಲು ಇಳಿಸಿದರು.

"ನೀ ನಡಿಯಪಾ. ಇವನ ಕೈಯಾಗ ಡೀಸೆಲ್ ಬಿಟ್ಟು ನಾ ಹೆಂಗ ಬರ್ಲಿ?"

"ಡೀಸೆಲ್ ನಂದ ಐತೆಲ್ರಿ ಅಣ್ಣಾರ!"

"ಅದಕ್ಕ ಹೇಳಾಕತ್ತೇನಿ. ಮಂದಿ ಮಾಲು, ಹೆಚ್ಚುಕಮ್ಮಿ ಆದ್ರ ನಾ ಜವಾಬ್ದಾರಿ."

ಗೂಳಪ್ಪ ಹಣೆ ಹಣೆ ಬಡಿದುಕೊಂಡು ಹೊರಟುಹೋದ. ನಾನು ಬೇಡಿದೆ, ಕೈ ಮುಗಿದೆ, "ನನ್ನ ಹೇಣ್ತಿ ಮಕ್ಕಳ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ" ಎಂದೆ, ಕಡೆಗೆ ಬಾಯಿಗೆ ಬಂದಂತೆ ಬೈದೂಬಿಟ್ಟೆ. ಸಾವಕಾರರು ಡಬ್ಬಿಯ ಮೇಲೆ ಕುಳಿತವರು ಅಲುಗಲಿಲ್ಲ. ಲಕೋಟೆಯಿಂದ ಗಾಳಿ ಬೀಸಿಕೊಂಡರು.

ಕಾಡಿನಾಚೆ ಮಿಲ್ಲಿನ ಭೋಂಗಾ ಕೂಗಿತು. ನನಗೆ ಅಳುವೇ ಬಂತು.

ಆಗ ಅವರು ಎದ್ದರು. ಧೋತರ ಕೊಡವಿಕೊಂಡು, ಡಬ್ಬಿಯ ಮುಚ್ಚಳ ತೆಗೆದು, ಬಗ್ಗಿ ಒಳಗೆ ಇಣುಕಿದರು.

"ಶೇಖ್ಯಾ, ಖರೇ ಹೇಳು," ಎಂದರು. "ಗೂಳಪ್ಪ ಕೊಟ್ಟಾಗ ಇದು ತುಂಬಿತ್ತಲ್ಲ?"