ತೋರಿಸದ ತಟ್ಟೆ

ಪೂರ್ತಿ ತಿಳಿಯದ ಮಾತನ್ನು ಹತ್ತು ಮನೆಗೆ ಹಂಚುವಾಗ ನಿಮಗೆ ಒಮ್ಮೆಯಾದರೂ ಅಳುಕಾಯಿತೇ? ಆಗಿಲ್ಲವಾದರೆ, ಹಾವಿನ ವಿಷ ತೆಗೆಯುವ ಒಬ್ಬನ ಅಕ್ಕನ ಕಥೆಯನ್ನು ನೀವು ಕೇಳಲೇಬೇಕು.

ಹದಿನೆಂಟು ವರ್ಷಗಳಿಂದ ಅವನು ಸಂಶೋಧನಾಲಯದ ನೆಲಮಾಳಿಗೆಯಲ್ಲಿ ನಾಗರಹಾವುಗಳ ಬಾಯನ್ನು ಗಾಜಿನ ಬಟ್ಟಲಿನ ಅಂಚಿಗೆ ಒತ್ತಿ ವಿಷ ಇಳಿಸುತ್ತಿದ್ದ. ಮೂರು ಸಲ ಕಚ್ಚಿಸಿಕೊಂಡಿದ್ದ. ಎಡಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಅಕ್ಕನಿಗೆ ಸ್ತನ ಕ್ಯಾನ್ಸರ್. ಆಸ್ಪತ್ರೆಯವರು ಹೇಳಿದ ಆರು ಸುತ್ತಿನ ಔಷಧದಲ್ಲಿ ಮೂರು ಮುಗಿದಿದ್ದವು, ಗಂಟು ಕುಗ್ಗುತ್ತಿತ್ತು.

ಸಂಶೋಧನಾಲಯಕ್ಕೆ ಅತಿಥಿಗಳು ಬಂದ ದಿನ ಮೇಲಿನ ಮಹಡಿಯ ಸಂಶೋಧಕಿ ಒಂದು ಗಾಜಿನ ತಟ್ಟೆ ತೋರಿಸಿ, ಇವನು ತೆಗೆದ ವಿಷದಿಂದ ಅದರಲ್ಲಿದ್ದ ಕ್ಯಾನ್ಸರ್ ಕೋಶಗಳೆಲ್ಲ ಸತ್ತಿವೆ ಎಂದಳು. ಹಿರಿಹಿರಿ ಹಿಗ್ಗಿದ ಅವನು ಅದರ ಚಿತ್ರ ತೆಗೆದು, ಧೈರ್ಯವಾಗಲೆಂದು ಅಕ್ಕನಿಗೆ ಕಳಿಸಿದ. ಅಕ್ಕ ನೆಂಟರಿಗೆ, ನೆಂಟರು ನಿಮಗೆ, ನೀವು ಊರಿಗೆಲ್ಲ. ತಿಂಗಳೊಳಗೆ ಯಾವನೋ ಪುಣ್ಯಾತ್ಮ ಅದೇ ಚಿತ್ರವನ್ನು ಅಂಟಿಸಿದ ಶೀಶೆಗಳನ್ನು ಹಾವಿನ ವಿಷದ ಕ್ಯಾನ್ಸರ್ ಮದ್ದೆಂದು ಮಾರತೊಡಗಿದ್ದ.

ಅಂಥದೊಂದು ಶೀಶೆ ಅಕ್ಕನ ಅಡುಗೆಮನೆಯ ಕಿಟಕಿಯಲ್ಲಿ ಅವನ ಕಣ್ಣಿಗೆ ಬಿತ್ತು. ನಾಲ್ಕನೆಯ ಸುತ್ತಿಗೆ ಅವಳು ಹೋಗಿರಲಿಲ್ಲ. ಐದನೆಯದಕ್ಕೂ.

ಮರುದಿನ ಬೆಳಿಗ್ಗೆ ಅವನು ಸಂಶೋಧಕಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವಳು ಅಂದಿನದೇ ಇನ್ನೊಂದು ತಟ್ಟೆಯ ಚಿತ್ರವನ್ನು ಪರದೆಯ ಮೇಲೆ ತೆರೆದಳು. ಅದರಲ್ಲಿದ್ದವು ರೋಗವಿಲ್ಲದ ಕೋಶಗಳು, ಅದೇ ವಿಷಕ್ಕೆ ಅವೂ ಸತ್ತಿದ್ದವು. ಪ್ರತಿ ಪರೀಕ್ಷೆಗೆ ಎರಡು ತಟ್ಟೆ, ಅತಿಥಿಗಳ ಮುಂದೆ ಒಂದೇ. ಅದು ಅಲ್ಲಿಯ ರೂಢಿ. ವಿಷದ ಒಂದು ಅಂಶವನ್ನು ಬೇರ್ಪಡಿಸಿ, ರೋಗದ ಕೋಶವನ್ನಷ್ಟೇ ಹುಡುಕಿ ಕೊಲ್ಲುವಂತೆ ಪಳಗಿಸಲು ಎಷ್ಟು ವರ್ಷ ಬೇಕೋ, ಅದು ಆದೀತೋ ಇಲ್ಲವೋ ತನಗೂ ತಿಳಿಯದೆಂದು ಒಪ್ಪಿಕೊಂಡಳು.

“ಇದನ್ನ ಅವತ್ತೇ ತೋರಿಸಬಾರದಿತ್ತಾ, ಮೇಡಂ?”

“ಯಾರೂ ಕೇಳಲಿಲ್ಲ.”

ಸಂಜೆ ಅವನು ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು.

“ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಕಣೋ. ಮೂರು ಸಲ ಕಚ್ಚಿಸಿಕೊಂಡು ನೀನು ಗುಂಡುಕಲ್ಲಿನ ಹಾಗಿದ್ದೀಯ. ದಿನಕ್ಕೆರಡು ಹನಿ ನನಗೇನು ಮಾಡುತ್ತೆ?”

“ನನ್ನನ್ನ ಉಳಿಸಿದ್ದು ಆಸ್ಪತ್ರೆಯ ಸೂಜಿ, ಅಕ್ಕ. ವಿಷ ಅಲ್ಲ.”

“ಚಿತ್ರ ಕಳಿಸಿದವನು ನೀನೇ ತಾನೇ? ಆವಾಗ ಸುಳ್ಳು ಹೇಳಿದ್ಯೋ, ಈಗ ಹೇಳ್ತಿದ್ದೀಯೋ?”

ಅವಳು ಅವನ ಕೈಯನ್ನು ಎಳೆದು ತನ್ನ ಕಂಕುಳಿನ ಬಳಿ ಇರಿಸಿಕೊಂಡಳು. ರವಿಕೆಯ ಬಟ್ಟೆಯ ಕೆಳಗೆ ಗೋಲಿಯಂಥ ಗಟ್ಟಿ ಗಂಟೊಂದು ಕೈಗೆ ಸಿಕ್ಕಿತು. ಹೋದ ತಿಂಗಳು ಅದು ಅಲ್ಲಿರಲಿಲ್ಲ.

“ಇದು ಹೊಸದು,” ಎಂದಳು, ಗೆದ್ದವಳಂತೆ. “ಮದ್ದು ಹಿಡೀತಿದೆ, ರೋಗ ಹೊರಗೆ ಬರ್ತಿದೆ ಅಂತ ಶೀಶೆ ಕೊಟ್ಟವರು ಹೇಳಿದ್ರು.”

ಓದುಗರೇ, ನಿಮ್ಮ ಬಳಗದಲ್ಲಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರಿದ್ದರೆ ಅವರೊಡನೆ ವಾದಕ್ಕೆ ನಿಲ್ಲಬೇಡಿ. ನಾಳೆ ಬೆಳಿಗ್ಗೆಯೇ ಅವರ ಮನೆಗೆ ಹೋಗಿ, ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಸೂಜಿ ಚುಚ್ಚುವವರೆಗೂ ಪಕ್ಕದಲ್ಲೇ ಕುಳಿತಿರಿ.