ಗೋಡೆಯ ಒಳಮೈ

ನಮ್ಮವ್ವ ಸೀತವ್ವ ಹಟಕ್ಕೆ ಬಿದ್ದರೆ ಮುಗಿಯಿತು, ಬ್ರಹ್ಮ ಬಂದರೂ ಏಳುವವಳಲ್ಲ. ಸಿಂದಗಿಯ ಹೈಸ್ಕೂಲಿನಲ್ಲಿ ಅರವತ್ತು ಮಕ್ಕಳನ್ನು ಬರೀ ಕಣ್ಣಲ್ಲಿ ಕೂರಿಸುವ ಟೀಚರು ನಾನು. ಅವಳೊಬ್ಬಳನ್ನು ಒಂದು ಹೊಸ್ತಿಲು ದಾಟಿಸುವಷ್ಟರಲ್ಲಿ ಸಾಕುಸಾಕಾಗಿ ಹೋಯಿತು.

ಹೊಸ್ತಿಲು ಎಂದರೆ ಕುಲಕರ್ಣಿಯವರ ವಾಡೆಯದು. ಸಾಲೋಟಗಿ ದಾಟಿದ ಮೇಲೆ ಸಿಗುವ ನಮ್ಮ ಹುಟ್ಟೂರಿನಲ್ಲಿ, ನಲವತ್ತು ವರ್ಷ, ಪ್ರತಿ ಬೇಸಿಗೆ, ಆ ವಾಡೆಯ ಹೊರಗೋಡೆಗೆ ಮಣ್ಣಿನ ಗಿಲಾವು ಬಳಿದವಳು ಅವ್ವ. ಒಳಗೋಡೆಯನ್ನು ಆ ಮನೆಯ ಹೆಂಗಸರೇ ಸಾರಿಸಿಕೊಳ್ಳುತ್ತಿದ್ದರು, ನಮ್ಮ ಕೇರಿಯವರು ಒಳಗೆ ಕಾಲಿಡುವಂತಿರಲಿಲ್ಲ. ಚಹಾ ಕೂಡ ಕಟ್ಟೆಯ ಕೆಳಗೆ, ನಾವೇ ಒಯ್ದ ಲೋಟಕ್ಕೆ, ಮೇಲಿನಿಂದ ಸುರಿಯುತ್ತಿದ್ದರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವ್ವನಿಗೆ ಉರಿಯುವುದಿಲ್ಲ ಅನ್ನುವುದಕ್ಕೆ ನನಗೆ ಇನ್ನಷ್ಟು ಸಿಟ್ಟು.

ಈಗ ಆ ಮನೆಯ ಮೊಮ್ಮಗ ಸುಧೀರ ವಾಡೆಯನ್ನು ದುರಸ್ತಿ ಮಾಡಿಸಿ ಅತಿಥಿಗಳಿಗೆ ದಿನದ ಬಾಡಿಗೆಗೆ ಕೊಡುತ್ತಿದ್ದಾನೆ. ಜಪಾನಿನ ಒಂದು ಹಳ್ಳಿಯಲ್ಲಿ, ಹೀಗೇ ರಿಪೇರಿಯಾದ ಹಳೇ ಮಣ್ಣುಗೋಡೆಯ ಮನೆಯಲ್ಲಿ ಹದಿನೈದು ದಿನ ಇದ್ದು ಬಂದನಂತೆ. ಅದು ತಮ್ಮ ವಾಡೆಯ ದೂರದ ನೆಂಟನ ಹಾಗೆ ಕಂಡಿತಂತೆ. ಮೊಬೈಲಿನಲ್ಲಿ ಇದನ್ನು ಓದಿದ್ದೇ ತಡ, ಅವ್ವನ ಹೆಸರಿನಲ್ಲಿ ಒಂದು ದಿನಕ್ಕೆ ಬುಕ್ ಮಾಡಿದೆ. ಅವ್ವ ಒಳಗೆ ಕೂತು ಉಣ್ಣಬೇಕು, ಒಳಗೆ ಮಲಗಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು. ನನ್ನ ಆಸೆ ಇಷ್ಟೇ.

ಅವ್ವ ಸಿಂದಗಿಯಿಂದ ನನ್ನ ಜೊತೆ ಬಂದಳು. ಆದರೆ ಕೈಚೀಲದಲ್ಲಿ ತನ್ನ ಸ್ಟೀಲ್ ಲೋಟ ಇಟ್ಟುಕೊಂಡೇ ಬಂದಳು.

"ಬರ್ರಿ ಆಯಿ, ಒಳಗ ಬರ್ರಿ," ಎಂದು ಸುಧೀರ ತಲೆಬಾಗಿಲಲ್ಲಿ ಕೈಮುಗಿದ.

"ಇಲ್ಲೇ ಗಾಳಿ ಚಲೋ ಐತ್ರಿ ಧಣ್ಯಾರ," ಎಂದು ಅವ್ವ ಕಟ್ಟೆಯ ಕೆಳಗೆ ಕೂತೇಬಿಟ್ಟಳು.

"ಅವ್ವಾ, ಇವತ್ತ ಇದು ನಿನ್ನ ಮನಿ. ಏಳು," ಎಂದೆ ಹಲ್ಲು ಕಚ್ಚಿ.

"ನೀ ಹೋಗಿ ನೋಡ್ಕೊಂಡ ಬಾ. ನಾ ಇಲ್ಲೇ ಇರ್ತೇನಿ."

ಸುಧೀರ ಪೆಚ್ಚಾದ. ನನಗೆ ಅಳುವೇ ಬಂತು. ಇಷ್ಟು ದೂರ ಕರೆತಂದು ಅವಳನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಿದೆನಲ್ಲ.

ಸುಮ್ಮನೆ ಕೂರುವುದು ಅವ್ವನ ಜಾಯಮಾನವಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಗೋಡೆ ತಟ್ಟುತ್ತ ನಡೆದಳು. ಪಶ್ಚಿಮದ ಮೂಲೆಯಲ್ಲಿ ನಿಂತು ಉಗುರಿನಿಂದ ಕೆರೆದಳು. ಹೊಸ ಗಿಲಾವು ಹಪ್ಪಳದ ಹಾಗೆ ಎದ್ದು ಬಂತು.

"ಇದನ್ನ ಯಾರ ಬಳದಾರ?"

"ನಾನೇ ನಿಂತು ಮಾಡಿಸೇನ್ರಿ," ಎಂದ ಸುಧೀರ.

"ಮಣ್ಣಿಗೆ ಹೊಟ್ಟು ಹಾಕಿ ಎಷ್ಟ ದಿನಾ ಕೊಳಿಸಿದ್ರಿ?"

"ಎರಡ ದಿನ. ಜಪಾನದಾಗ ತಿಂಗಳಗಟ್ಟಲೆ ಕೊಳಸ್ತಾರ್ರಿ. ನನಗ ಅವಸರ ಇತ್ತು."

"ನಿಮ್ಮ ಅವಸರಕ್ಕ ಮಣ್ಣ ಕೇಳತೈತೇನು? ನೀರ ಒಳಗ ಇಳದಿರಬೇಕು. ಒಳಮೈ ತೋರಸ್ರಿ."

ತೋರಿಸುವ ತನಕ ಕಾಯಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಪಡಸಾಲೆಯಿಂದ ನೇರ ನಡುಮನೆಗೆ ನುಗ್ಗಿದಳು. ನಾವಿಬ್ಬರೂ ಹಿಂದೆ ಓಡಿದೆವು. ಅವ್ವ ಗೋಡೆಗೆ ಅಂಗೈ ಊರಿ ನಿಂತಿದ್ದಳು.

"ಇನ್ನೂ ಒಣಾ ಐತಿ. ಉಳೀತು," ಎಂದಳು.

ಆದರೂ ಕೈ ತೆಗೆಯಲಿಲ್ಲ. ತಲೆಯೆತ್ತಿ ತೊಲೆ ನೋಡಿದಳು, ಬೆಳಕಿಂಡಿ ನೋಡಿದಳು. ತಾನು ಎಲ್ಲಿದ್ದೇನೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

"ನಲವತ್ತ ವರ್ಷ ಇದರ ಬೆನ್ನ ತಿಕ್ಕೇನಿ," ಎಂದಳು ಮೆಲ್ಲಗೆ. "ಮಾರಿ ಇವತ್ತ ನೋಡಿದೆ."

ಸುಧೀರ ನೆಲ ನೋಡುತ್ತಿದ್ದ. "ನಮ್ಮ ಮನ್ಯಾಗಿನವ್ರು ಮಾಡಿದ್ದು ತಪ್ಪ್ರಿ ಆಯಿ," ಎಂದ.

ಅವ್ವ ಅವನನ್ನೇ ಒಂದು ಗಳಿಗೆ ನೋಡಿದಳು. "ಹೌದು, ತಪ್ಪ," ಎಂದಳು. ಆ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನಗಿಂತ ಹಳೆಯ ಸಿಟ್ಟು ಅವಳಲ್ಲಿ ಇತ್ತು, ನನಗೇ ಕಂಡಿರಲಿಲ್ಲ. "ನಾಳಿ ಮಣ್ಣ ತರಸು. ಹೆಂಗ ಕಲಸೂದು ನಾ ಹೇಳ್ತೇನಿ. ತುಳಿಯೂದು ನೀ ತುಳಿ."

"ತುಳೀತೇನ್ರಿ," ಎಂದ ಸುಧೀರ.

ಅವ್ವ ಆ ಗೋಡೆಗೇ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. "ಈಗ ಚಾ ತರಸು ತಮ್ಮಾ."

ಕೈಚೀಲ ಹೊರಗೆ ಕಟ್ಟೆಯ ಕೆಳಗೇ ಉಳಿದಿತ್ತು. ನಾನು ತರಲು ಹೋಗಲಿಲ್ಲ. ಸುಧೀರ ಮನೆಯ ಕಪ್ಪಿನಲ್ಲಿ ಚಹಾ ತಂದು, ಎದುರು ಕೂತು ಕೊಟ್ಟ. ಅವ್ವ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಸಕ್ರಿ ಕಮ್ಮಿ ಆಗೇತಿ," ಎಂದಳು.