ಬಾವಿ ಕೇಳಲು ದಿಲ್ಲಿಗೆ ಹೊರಟ ಅಮರಪ್ಪ

ನಾರುಹುಣ್ಣು ಗೊತ್ತಲ್ಲ? ಕಾಲಿನಿಂದ ದಾರದಂಥ ಹುಳ ಹೊರಗೆ ಬರುತ್ತದೆ, ನೋವಿಗೆ ದೊಡ್ಡವರೇ ಅಳುತ್ತಾರೆ. ಸ್ವರಾಜ್ಯ ಬಂದ ಮರುವರ್ಷ ಕಳ್ಳಕವಟಗಿಯ ಅಮರಪ್ಪನ ಪುಟ್ಟ ಮೊಮ್ಮಗಳು ಕಾಳವ್ವನಿಗೂ ಅದು ಬಂತು. ನಡೆಯಲಾಗದ ಕೂಸನ್ನು ಅಜ್ಜ ಹೊತ್ತುಕೊಂಡೇ ತಿರುಗುತ್ತಿದ್ದ.

ಊರ ಮೆಟ್ಟಿಲುಬಾವಿಯ ನೀರು ಕೆಟ್ಟಿದೆ, ಬೇರೆ ಬಾವಿ ಬೇಕು ಎಂದು ಅವನು ಹಟ ಹಿಡಿದ. ಎಲ್ಲಿ ಕೇಳುವುದು? ದಿಲ್ಲಿಯಲ್ಲಿ! ಸ್ವರಾಜ್ಯ ಬಂದದ್ದು ಅಲ್ಲಿಗೇ ಅಲ್ಲವೇ? ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ, ಮೊಮ್ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ವಿಜಾಪುರದ ರೈಲಿಗೆ ಹೊರಟೇಬಿಟ್ಟ ಪುಣ್ಯಾತ್ಮ. ಕಾಲಿಗೆ ಪಟ್ಟಿ ಕಟ್ಟಿಸಲು ದಾರಿಯಲ್ಲಿ ಟಿಕೋಟದ ದವಾಖಾನೆಯಲ್ಲಿ ಇಳಿದ.

ಪಟ್ಟಿ ಕಟ್ಟುತ್ತ ನರ್ಸ್ ಮದೀನಾಬಿ ಹೇಳಿದಳು: “ಹುಣ್ಣಿನ ಕಾಲು ನೀರಾಗ ಇಟ್ರ ಹುಳ ಅಲ್ಲೇ ಮರಿ ಹಾಕತೈತಿ, ಕಾಕಾ. ಆ ನೀರು ಕುಡಿದವ್ರಿಗೆ ಮತ್ತ ಇದ ಬ್ಯಾನಿ. ಬಾವ್ಯಾಗ ಯಾರೂ ಇಳೀಬಾರ್ದು.”

“ಅದಕ್ಕ ದಿಲ್ಲಿಗೆ ಹೊಂಟೀನವಾ.”

ಮದೀನಾಬಿಗೆ ನಗು ಬಂತು. “ನಿಮ್ಮ ಮನ್ಯಾಗ ಮಜ್ಜಿಗಿ ಬೇಕಂದ್ರ ಯಾರನ್ನ ಕೇಳ್ತೀರಿ?”

“ಸೊಸಿನ್ನ. ಹೈನದ ಕೆಲಸ ಆಕೀದು.”

“ಬಿತ್ತೂ ಬೀಜ?”

“ಅದು ನನ್ನ ಕಡೆ.”

“ಸರ್ಕಾರನೂ ಹಂಗ ರೀ. ದಂಡು, ರೈಲ್ವೆ, ಟಪಾಲು ದಿಲ್ಲೀದು. ಪೊಲೀಸ್ರು ನಮ್ಮ ಮುಂಬೈ ಪ್ರಾಂತದ ಸರ್ಕಾರದವ್ರು. ಊರ ಬಾವಿ, ಹಾದಿ ಇಲ್ಲೇ ನಮ್ಮ ಲೋಕಲ್ ಬೋರ್ಡಿಂದು.”

“ದಿಲ್ಲಿ ಎಲ್ಲಾರಕಿಂತ ದೊಡ್ಡದಲ್ಲೇನವಾ? ಒಂದ ಮಾತು ಹೇಳಿದ್ರ ಆತು.”

“ಒಬ್ಬರ ಮಾತಿಲೆ ಎಲ್ಲಾ ನಡೀಬಾರ್ದಂತನ ಹಂಚ್ಯಾರ, ಕಾಕಾ. ಕಾಯ್ದೆ ಮಾಡಾವ್ರು ಬ್ಯಾರೆ, ನಡಸಾವ್ರು ಬ್ಯಾರೆ, ತಪ್ಪಿದ್ರ ನ್ಯಾಯ ಹೇಳೋ ಕೋರ್ಟು ಬ್ಯಾರೆ. ಬಾವಿಗೆ ಬೋರ್ಡಿನ ಮೆಂಬರ್ ಗುರಲಿಂಗಪ್ಪನೋರನ್ನ ಕೇಳ್ರಿ. ನೀವ ಆರಿಸಿದವ್ರು.”

“ಅಂಥಾ ದೊಡ್ಡವರ ಮನೀಗೆ ಹೋಗಾಕ ನಾಚಿಕಿ ಬರ್ತೈತಿ.” ದಿಲ್ಲಿಗೆ ಹೊರಟವನ ಮಾತು ಇದು!

ಆಗ ಕಾಳವ್ವ ಅವನ ಧೋತರ ಜಗ್ಗಿದಳು. “ಮುತ್ಯಾ, ದಿಲ್ಲಿ ದೂರ ಐತೇನ? ಕಾಲು ಭಾಳ ನೋಯಾಕತ್ತೈತಿ.”

ಅಜ್ಜ ಅವಳನ್ನು ಎತ್ತಿಕೊಂಡು ನೇರವಾಗಿ ಅದೇ ಊರಲ್ಲಿದ್ದ ಮೆಂಬರರ ಮನೆಗೆ ನಡೆದ.

ಗುರಲಿಂಗಪ್ಪನವರು ಎಲ್ಲ ಕೇಳಿ, “ಇಷ್ಟು ದಿನ ಯಾಕ ಬರಲಿಲ್ಲೋ ಮಾರಾಯಾ?” ಎಂದರು.

“ನಿಮ್ಮನ್ನ ಕೇಳಬೇಕಂತ ಗೊತ್ತಿರಲಿಲ್ಲರಿ.”

ಬೋರ್ಡಿನವರು ಬಂದು ನೋಡಿದರು. ಹೊಸ ಬಾವಿ ಬೇಕಿಲ್ಲ, ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಮೇಲಿನಿಂದಲೇ ಸೇದಲು ರಾಟಿ ಹಾಕಿದರೆ ಸಾಕು ಎಂದರು. ಆ ಮೆಟ್ಟಿಲುಗಳನ್ನು ಕಟ್ಟಿಸಿದ್ದು ಅಮರಪ್ಪನ ತಂದೆ. ಅವನ ಕಣ್ಣು ತುಂಬಿ ಬಂತು. ಆದರೂ ಮೊದಲ ಬುಟ್ಟಿ ಮಣ್ಣು ಸುರಿದವನು ಅವನೇ. “ನಮ್ಮಪ್ಪ ಇದ್ದಿದ್ರೂ ಇದನ್ನ ಮಾಡ್ತಿದ್ದ,” ಎಂದ.

ಈಗ ಕಾಳವ್ವ ಬಾವಿಗೆ ಓಡಿಕೊಂಡು ಹೋಗುತ್ತಾಳೆ. ಹಿಂದೆ ಹೋಗುವ ಅಜ್ಜನಿಗೆ ಏದುಸಿರು ಬರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಬಾವಿಗೂ ಮೆಟ್ಟಿಲಿವೆಯೇ? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಇಂದೇ ನಿಮ್ಮ ಮೆಂಬರರನ್ನು ಕಾಣಿರಿ. ಮತ ಕೇಳಲು ಅವರು ನಿಮ್ಮ ಬಾಗಿಲಿಗೆ ಬಂದಿದ್ದರು. ನೀರು ಕೇಳಲು ಅವರ ಬಾಗಿಲಿಗೆ ಹೋಗುವುದಕ್ಕೆ ನಿಮಗೇಕೆ ನಾಚಿಕೆ?